ಹಗಲು ಡಿಸೈನ್ ಕೆಲಸ, ರಾತ್ರಿ ಬೀದಿಗೋಡೆ: ಎರಡೂ ನಡೆಯುತ್ತವೆಯೇ?

ಗ್ರಾಫಿಕ್ ಡಿಸೈನ್ ಓದುತ್ತಿದ್ದೀರಿ, ಬೀದಿ ಕಲೆಯ ಗೀಳೂ ಹಿಡಿದಿದೆ. ಒಂದನ್ನು ಬಿಡಲೇಬೇಕೇ, ಅಮೆರಿಕದ ಬೀದಿ ಕಲಾವಿದ, ಡಿಸೈನರ್ ಶೆಪರ್ಡ್ ಫೇರಿ ಎರಡನ್ನೂ ಹೇಗೆ ನಿಭಾಯಿಸಿದ ಎಂದು ಕೇಳಿದ್ದೀರಿ. ಬಿಡಬೇಕಿಲ್ಲ. ಫೇರಿಯ ಮಟ್ಟಿಗೆ ಎರಡರ ಬೇರೂ ಮುದ್ರಣದಲ್ಲಿತ್ತು. ಜಾಲರಿಯ ಮೂಲಕ ಮಸಿ ಒತ್ತಿ ಮುದ್ರಿಸುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಕೈ ಮಸಿ ಮಾಡಿಕೊಂಡು ಡಿಸೈನ್ ಕಲಿತ ನನಗೆ ಮೊದಲು ಕಣ್ಣಿಗೆ ಬೀಳುವುದೇ ಅದು.

1989ರಲ್ಲಿ ಅವನು ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ, ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್ ವಿದ್ಯಾರ್ಥಿ. ಗೆಳೆಯನಿಗೆ ಸ್ಟೆನ್ಸಿಲ್ (ಬಣ್ಣ ಬಳಿಯಲು ಆಕಾರ ಕತ್ತರಿಸಿದ ಹಾಳೆ) ಕತ್ತರಿಸಿ ತೋರಿಸಲೆಂದು ಪತ್ರಿಕೆಯಲ್ಲಿದ್ದ ಕುಸ್ತಿಪಟು ಆಂಡ್ರೆ ದಿ ಜೈಂಟ್‌ನ ಮುಖ ಆರಿಸಿಕೊಂಡ. ಅದೇ ಸ್ಟಿಕ್ಕರ್ ಆಯಿತು: ಮುಖದ ಜೊತೆಗೆ ‘ಆಂಡ್ರೆ ದಿ ಜೈಂಟ್ ಹ್ಯಾಸ್ ಎ ಪಾಸಿ’ (ಆಂಡ್ರೆಗೊಂದು ಪಟಾಲಂ ಇದೆ) ಎಂಬ ಸಾಲು, 7 ಅಡಿ 4 ಅಂಗುಲ ಎತ್ತರ, 520 ಪೌಂಡ್ ತೂಕ, ಅಷ್ಟೇ. ಮರುವರ್ಷ ಮೇಯರ್ ಅಭ್ಯರ್ಥಿ ಬಡ್ಡಿ ಸಿಯಾನ್ಸಿಯ ಪ್ರಚಾರ ಫಲಕದ ಮೇಲೆ ಪೈಲ್ವಾನನ ತಲೆ ಅಂಟಿತ್ತು!

ಹೊಟ್ಟೆಪಾಡಿಗೆ ಟೀ ಶರ್ಟ್, ಸ್ಟಿಕ್ಕರ್ ಮುದ್ರಿಸುವ ಸಣ್ಣ ಉದ್ಯಮ ನಡೆಸಿದ. ಆಮೇಲೆ ಪಾಲುದಾರರೊಂದಿಗೆ ಡಿಸೈನ್ ಸಂಸ್ಥೆ, 2003ರಲ್ಲಿ ಸ್ಟುಡಿಯೋ ನಂಬರ್ ಒನ್ ಎಂಬ ಇನ್ನೊಂದು ಡಿಸೈನ್ ಸಂಸ್ಥೆ. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದ ಹಳೆಯ ಕೆಂಪು ಡೈನೋಸಾರ್ ಲಾಂಛನ ಅವನದೇ. ಕಂಪನಿಗಳಿಗೆ ದುಡಿಯುವವನು ಎಂಥ ಬೀದಿ ಕಲಾವಿದ ಎಂದು ಮೂಗು ಮುರಿಯುವವರಿದ್ದಾರೆ. ಅಂಟಿಗೂ ಕಾಗದಕ್ಕೂ ದುಡ್ಡು ಎಲ್ಲಿಂದ ಬರಬೇಕು ಎಂದು ಅವರೇ ಹೇಳಲಿ.

ಅವನ ಶೈಲಿ ಹುಟ್ಟಿದ್ದೂ ಈ ಅಗ್ಗದ ಲೆಕ್ಕದಲ್ಲೇ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಜಾಲರಿ ಬೇಕು. ಬಣ್ಣ ಹೆಚ್ಚಿದಷ್ಟೂ ಖರ್ಚು, ಒಂದರ ಮೇಲೊಂದು ಸರಿಯಾಗಿ ಕೂರಿಸುವ ತಲೆನೋವು. ಹಾಗಾಗಿ ಮುಖದ ನೆರಳನ್ನು ಮೂರ್ನಾಲ್ಕು ಚಪ್ಪಟೆ ತುಂಡುಗಳಾಗಿ ಒಡೆಯಬೇಕಾಗುತ್ತದೆ. ಅವನು ಮಾಡಿದ 2008ರ ಒಬಾಮಾ ಪೋಸ್ಟರನ್ನು ಹತ್ತಿರದಿಂದ ನೋಡಿ: ಕೆಂಪು, ಎರಡು ನೀಲಿ, ಕೆನೆಬಣ್ಣ. ಕೆನೆಗೂ ನೀಲಿಗೂ ನಡುವಿನ ಛಾಯೆ ಬೇಕಾದಲ್ಲಿ ಹೊಸ ಬಣ್ಣವಿಲ್ಲ, ಅಡ್ಡ ಗೆರೆಗಳಿವೆ. ರಸ್ತೆಯಾಚೆಯಿಂದಲೂ ಗುರುತು ಹತ್ತುವುದು ಅದರಿಂದಲೇ. ಮೊದಲ ಕಂತಿನಲ್ಲಿ 350 ಪ್ರತಿ ಮಾರಿದ, 350 ಗೋಡೆಗೆ ಅಂಟಿಸಿದ, ಬಂದ ಹಣದಲ್ಲಿ ಮತ್ತಷ್ಟು ಮುದ್ರಿಸಿದ.

ಆದರೆ ಆ ಪೋಸ್ಟರಿನ ಮೂಲ ಫೋಟೊ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯದು, ಮ್ಯಾನಿ ಗಾರ್ಸಿಯಾ 2006ರಲ್ಲಿ ತೆಗೆದದ್ದು. ಆ ಬಳಕೆ ಹಕ್ಕುಸ್ವಾಮ್ಯ ಕಾನೂನಿನಡಿ ನ್ಯಾಯಸಮ್ಮತವೆಂದು ವಾದಿಸಲು ಜಾಗವಿತ್ತು ಎಂಬುದು ನನ್ನ ಅಭಿಪ್ರಾಯ. ಫೇರಿ ಮಾತ್ರ ಬೇರೆ ಫೋಟೊ ಬಳಸಿದ್ದೆನೆಂದು ಹೇಳಿ, ಕಡತಗಳನ್ನು ಅಳಿಸಿ, ಸುಳ್ಳು ದಾಖಲೆ ಸೃಷ್ಟಿಸಿದ. ಫೋಟೊ ವಿಚಾರವಾಗಿ ಸುದ್ದಿಸಂಸ್ಥೆಯೊಂದಿಗೆ ನಡೆದ ಮೊಕದ್ದಮೆ 2011ರಲ್ಲಿ ರಾಜಿಯಾದರೂ 2012ರಲ್ಲಿ ನ್ಯಾಯಾಂಗ ನಿಂದನೆಗಾಗಿ 25,000 ಡಾಲರ್ ದಂಡ, ಎರಡು ವರ್ಷ ಪ್ರೊಬೇಷನ್ (ಜೈಲಿನ ಬದಲು ಕೋರ್ಟಿನ ನಿಗಾ), 300 ಗಂಟೆ ಸಮುದಾಯ ಸೇವೆ ತಲೆಗೆ ಬಂತು. ಗೋಡೆಗೆ ಅಂಟಿಸಿದ್ದಕ್ಕೆ ಬಂಧನವಾದದ್ದು ಬೇರೆ. 2009ರಲ್ಲಿ ಬಾಸ್ಟನ್‌ನಲ್ಲಿ ತನ್ನದೇ ಪ್ರದರ್ಶನದ ಕಾರ್ಯಕ್ರಮಕ್ಕೆ ಹೊರಟಾಗಲೇ ಪೊಲೀಸರು ಹಿಡಿದರು.

ನೀವು ಕರ್ನಾಟಕದಲ್ಲಿದ್ದರೆ, ಸಾರ್ವಜನಿಕ ಸ್ಥಳಗಳ ಅಂದಗೆಡಿಸುವಿಕೆ ತಡೆಯಲು 1981ರ ಕಾಯ್ದೆಯೇ ಇದೆ. ಗೋಡೆಯ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಈಗಲೇ ಎರಡೇ ಬಣ್ಣದಲ್ಲಿ ಒಂದು ಪೋಸ್ಟರ್ ಮಾಡಿ, ನೀವೇ ಮುದ್ರಿಸಿ, ಪೋರ್ಟ್‌ಫೋಲಿಯೊಗೆ ಸೇರಿಸಿ. ಯಾವ ಫೋಟೊ ನೋಡಿ ಬಿಡಿಸಿದಿರಿ, ಅದು ಯಾರದು ಎಂಬುದನ್ನು ಅದೇ ಕಡತದಲ್ಲಿ ಬರೆದಿಡಿ.