ನಾಲ್ಕು ಜೋಡಿ ಅಕ್ಷರಕ್ಕೆ ಒಂದು ಪುಟ ಕೊಡಿ

ನಮಸ್ಕಾರ. ಜೀನುಗಳ ಮರುಸಂಯೋಜನೆಯನ್ನು, ಅಂದರೆ ಬೇರೆ ಬೇರೆ ವಂಶಗಳ ಡಿಎನ್‌ಎ ತುಣುಕುಗಳ ಬೆರಕೆಯನ್ನು, ಕಂಪ್ಯೂಟರಿನಲ್ಲಿ ಪತ್ತೆ ಹಚ್ಚುವ ಬಗ್ಗೆ ಕುಮಟೆಯಿಂದ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಕನ್ನಡದಲ್ಲಿ ಇದನ್ನು ಬರೆಯುವವರೇ ಕಡಿಮೆ, ನನಗೆ ಈ ಲೇಖನ ಬೇಕು.

ಶುರು ಚೆನ್ನಾಗಿದೆ. ಅಂಕೋಲೆಯ ಬೆಂಡೆ ಗದ್ದೆ, ನರವೆಲ್ಲ ಹಳದಿಯಾದ ಎಲೆ, ಅದರಡಿಯ ಬಿಳಿ ನೊಣ. ಒಂದೇ ಗಿಡಕ್ಕೆ ಎರಡು ಬಗೆಯ ವೈರಸ್ ಹತ್ತಿದರೆ ಅವುಗಳ ತುಣುಕು ಅದಲುಬದಲಾಗಬಹುದು ಎನ್ನುವವರೆಗೂ ಓದಿಸಿಕೊಂಡು ಹೋಗುತ್ತದೆ. ಆಮೇಲೆ ಆರ್‌ಡಿಪಿ, ಗಾರ್ಡ್, ಬೂಟ್‌ಸ್ಕ್ಯಾನ್, ಮ್ಯಾಕ್ಸ್‌ಕೈ ಅಂತ ಸುಮ್ನೆ ಸಾಫ್ಟ್‌ವೇರ್‌ಗಳ ಹೆಸರಿನ ಸಾಲು. 'ಕಂಪ್ಯೂಟರ್ ಪತ್ತೆ ಹಚ್ಚಿತು' ಅಂತ ಬರೆದಿದ್ದೀರಿ. ಹೇಗೆ ಹಚ್ಚಿತು? ಓದುಗರಿಗೆ ಬೇಕಾದ್ದು ಅದೇ ಅಲ್ವಾ?

ಹಡ್ಸನ್ ಮತ್ತು ಕಪ್ಲಾನ್ ಎಂಬ ವಿಜ್ಞಾನಿಗಳು 1985ರಲ್ಲಿ ಬಳಸಿದ ನಾಲ್ಕು ಗ್ಯಾಮೀಟ್ (ಇಲ್ಲಿ ನಾಲ್ಕು ಜೋಡಿ ಅಕ್ಷರ ಎಂದರ್ಥ) ಪರೀಕ್ಷೆಯನ್ನು ನೀವು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಅದಕ್ಕೊಂದು ಪುಟ ಕೊಡಿ. ಡಿಎನ್‌ಎಯ ಎರಡು ಜಾಗ ತೆಗೆದುಕೊಳ್ಳಿ. ಮೊದಲ ಜಾಗದಲ್ಲಿ ಕೆಲವು ಮಾದರಿಗಳಿಗೆ ಡಿಎನ್‌ಎ ಅಕ್ಷರ ಎ, ಉಳಿದವಕ್ಕೆ ಜಿ. ಎರಡನೆಯದರಲ್ಲಿ ಸಿ ಇಲ್ಲವೇ ಟಿ. ಪ್ರತಿ ಜಾಗವೂ ಇತಿಹಾಸದಲ್ಲಿ ಒಂದೇ ಸಲ ಬದಲಾಗಿದ್ದರೆ, ಬೆರಕೆಯಾಗದ ವಂಶದಲ್ಲಿ ಎಸಿ, ಎಟಿ, ಜಿಸಿ, ಜಿಟಿ ಇವುಗಳಲ್ಲಿ ಹೆಚ್ಚೆಂದರೆ ಮೂರು ಸಿಗುತ್ತವೆ. ನಾಲ್ಕೂ ಸಿಕ್ಕವೋ, ಒಂದೇ ವಂಶವೃಕ್ಷದಲ್ಲಿ ಅವನ್ನು ಕೂರಿಸಲು ಆಗುವುದಿಲ್ಲ. ಆ ಎರಡು ಜಾಗಗಳ ನಡುವೆ ಎಲ್ಲೋ ಬೆರಕೆ ಆಗಿದೆ. ಪೆನ್ನು, ಕಾಗದ ಇದ್ದರೆ ಸಾಕು, ಹೈಸ್ಕೂಲು ಮಕ್ಕಳೂ ಮಾಡಿ ನೋಡಬಹುದು.

'ನಾಲ್ಕೂ ಸಿಕ್ಕರೆ ಮರುಸಂಯೋಜನೆ ಖಚಿತ' ಎಂಬ ನಿಮ್ಮ ವಾಕ್ಯ ಮಾತ್ರ ತಪ್ಪು. 'ಒಂದೇ ಸಲ' ಎಂಬ ಷರತ್ತನ್ನೇ ಬಿಟ್ಟಿದ್ದೀರಿ. ಬೇಗ ಬೇಗ ಬದಲಾಗುವ ವೈರಸ್‌ಗಳಲ್ಲಿ ಒಂದೇ ಜಾಗ ಮತ್ತೆ ಮತ್ತೆ ಬದಲಾಗುತ್ತದೆ. ಆಗ ಬೆರಕೆ ಇಲ್ಲದೆಯೂ ನಾಲ್ಕು ಜೋಡಿ ಕಾಣಬಹುದು. ಈ ತೊಡಕನ್ನು ಬಿಡಿಸಲೆಂದೇ 2006ರಲ್ಲಿ ಫೈ ಪರೀಕ್ಷೆ ಬಂತು. ಬೆರಕೆ ಆಗಿದ್ದರೆ ಅಕ್ಕಪಕ್ಕದ ಜಾಗಗಳು ಒಂದೇ ವಂಶವೃಕ್ಷಕ್ಕೆ ಜಾಸ್ತಿ ಹೊಂದುತ್ತವೆ, ದೂರದವು ಕಡಿಮೆ. ಬರೀ ಮರುಬದಲಾವಣೆಯಾದರೆ ಹತ್ತಿರ, ದೂರ ಎಂಬ ಭೇದ ಇರುವುದಿಲ್ಲ. ಜಾಗಗಳ ಕ್ರಮವನ್ನು ಕಲಸಿ ಹೋಲಿಸಿದರೆ ಇದು ಗೊತ್ತಾಗುತ್ತದೆ. ಎಷ್ಟು ಚಂದದ ಯೋಚನೆ! ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

'ಮೂರೇ ಸಿಕ್ಕರೆ ಬೆರಕೆ ಇಲ್ಲ' ಎಂಬುದನ್ನೂ ತೆಗೆಯಿರಿ. ಒಂದೇ ಥರದ ಎರಡು ತುಣುಕು ಅದಲುಬದಲಾದರೆ ಗುರುತೇ ಉಳಿಯುವುದಿಲ್ಲ.

ಉದಾಹರಣೆಗೆ ಉಗಾಂಡಾದ ಮರಗೆಣಸನ್ನು ತನ್ನಿ. ಅಲ್ಲಿ ಬೆಳೆ ಹಾಳು ಮಾಡಿದ್ದು ಬೆಂಡೆ ವೈರಸ್‌ನ ಬಳಗದ್ದೇ, ಬಿಳಿ ನೊಣವೇ ಹರಡುವಂಥದ್ದು. ಅದರ ಹೊರಕವಚದ ಜೀನಿನ ನಡುಭಾಗ ಇನ್ನೊಂದು ವೈರಸ್‌ನಿಂದ ಬಂದಿದೆ ಎಂದು 1997ರಲ್ಲಿ ತಿಳಿಯಿತು. ನಿಮ್ಮ ಬೆಂಡೆ ಗದ್ದೆಯಿಂದ ಅಲ್ಲಿಗೆ ಸಲೀಸಾಗಿ ಹೋಗಬಹುದು.

ಸಾಫ್ಟ್‌ವೇರ್‌ಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದವನ್ನು ಬಿಡಿ. ನಾಲ್ಕು ಜೋಡಿಗಳ ಚಿತ್ರವನ್ನು ನೀವೇ ಕೈಯಲ್ಲಿ ಬರೆದು ಲೇಖನದ ಜೊತೆ ಕಳಿಸಿ.