ಇನ್ನೂ ಬಿಡುಗಡೆಯಾಗದ ಗೇಮ್‌ನ ವಿಕಿಪೀಡಿಯ ಲೇಖನವನ್ನು ಚೆನ್ನಾಗಿ ಮಾಡುವುದು ಹೇಗೆ?

ಸೇರಿಸುವ ಮೊದಲು ತೆಗೆಯಿರಿ. ಇಂಥ ಲೇಖನಗಳಲ್ಲಿ ಊಹೆಯೇ ಜಾಸ್ತಿ ಇರುತ್ತದೆ. ರಾಕ್‌ಸ್ಟಾರ್ ಕಂಪನಿಯ ಜಿಟಿಎ 6 (ಗ್ರ್ಯಾಂಡ್ ಥೆಫ್ಟ್ ಆಟೋ 6) ಗೇಮನ್ನೇ ತೆಗೆದುಕೊಳ್ಳಿ. ಮ್ಯಾಪ್ ಎಷ್ಟು ದೊಡ್ಡದು, ಬೆಲೆ ಎಷ್ಟಿರಬಹುದು ಅಂತ ಯೂಟ್ಯೂಬ್‌ನಲ್ಲಿ ಯಾರೋ ಹೇಳಿದ್ದೆಲ್ಲ ಹೋಗಲಿ. ವಿಕಿಪೀಡಿಯದಲ್ಲಿ ಭವಿಷ್ಯ ಹೇಳುವಂತಿಲ್ಲ, ಅದು ಅಲ್ಲಿನ ನಿಯಮವೇ.

ಆಮೇಲೆ ದಿನಾಂಕ. ‘ಶೀಘ್ರದಲ್ಲೇ ಬರಲಿದೆ’ ಅನ್ನುವ ವಾಕ್ಯ ಬೇಗ ಹಳಸುತ್ತದೆ. ಈ ಗೇಮ್ ಮೊದಲು 2025ಕ್ಕೆ ಅಂದರು, ನಂತರ 2026ರ ಮೇ 26 ಅಂದರು. ಆದ್ದರಿಂದ ‘2025ರ ನವೆಂಬರ್‌ನಲ್ಲಿ ರಾಕ್‌ಸ್ಟಾರ್ ಬಿಡುಗಡೆಯನ್ನು 2026ರ ನವೆಂಬರ್ 19ಕ್ಕೆ ಮುಂದೂಡಿತು’ ಅಂತ ಬರೆಯಿರಿ. ನಾಳೆ ಏನೇ ಆದರೂ ಈ ಮಾತು ಸುಳ್ಳಾಗುವುದಿಲ್ಲ, ಅಲ್ವಾ?

ಸೋರಿಕೆಯ ವಿಷಯ ಸ್ವಲ್ಪ ನಾಜೂಕು. 2022ರ ಸೆಪ್ಟೆಂಬರ್‌ನಲ್ಲಿ, ಇನ್ನೂ ತಯಾರಾಗುತ್ತಿದ್ದ ಈ ಗೇಮ್‌ನ ಸುಮಾರು 90 ವಿಡಿಯೊಗಳು ಹೊರಬಿದ್ದವು. ರಾಕ್‌ಸ್ಟಾರ್ ಅದನ್ನು ಒಪ್ಪಿಕೊಂಡಿತು, ಪತ್ರಿಕೆಗಳೂ ಬರೆದವು. ಹಾಗಾಗಿ ಸೋರಿಕೆಯಾದ ಸುದ್ದಿಯನ್ನು ಹಾಕಬಹುದು. ಆದರೆ ಅರೆಬೆಂದ ಆ ತುಣುಕುಗಳಲ್ಲಿ ಕಂಡದ್ದನ್ನು ಆಟದ ವಿವರಣೆಗೆ ಸೇರಿಸಬೇಡಿ.

ಜೇಸನ್, ಲೂಸಿಯಾ ಅನ್ನುವ ಪಾತ್ರಗಳ ಹೆಸರಿಗೆ ಕಂಪನಿಯ ಪ್ರಕಟಣೆ ಸಾಕು. ‘ಬಹುನಿರೀಕ್ಷಿತ’ ಅನ್ನುವ ಹೊಗಳಿಕೆಗೆ ಮಾತ್ರ ಕಂಪನಿಗೆ ಸಂಬಂಧವಿಲ್ಲದ ಒಳ್ಳೆಯ ಪತ್ರಿಕೆಯ ಆಧಾರ ಬೇಕು. ಟ್ರೈಲರ್ ನೋಡಿ ಸುಮ್ನೆ ಕಥೆ ಕಟ್ಟಬೇಡಿ. ಇನ್ನು, ಗೇಮ್‌ನ ಸ್ಕ್ರೀನ್‌ಶಾಟನ್ನು ವಿಕಿಮೀಡಿಯ ಕಾಮನ್ಸ್‌ಗೆ (ಯಾರು ಬೇಕಾದರೂ ಮುಕ್ತವಾಗಿ ಬಳಸಬಹುದಾದ ಚಿತ್ರಗಳ ಸಂಗ್ರಹ) ಹಾಕಬೇಡಿ. ಅದು ಕಾಪಿರೈಟ್ ಇರುವ ಚಿತ್ರ, ಅಳಿಸುತ್ತಾರೆ.