ಮೀಟಿಂಗ್ ಜಾಸ್ತಿ ಮಾಡಬೇಡಿ, ಪೀರಿಯಡ್ ಬಿಡಿಸಿ ಕೊಡಿ

‘ವಾರಕ್ಕೊಂದು ಮೀಟಿಂಗ್ ಇಟ್ಟರೂ ನಮ್ಮ ಶಿಕ್ಷಕರು ತಮ್ಮ ಪಾಡಿಗೆ ತಾವು ಪಾಠ ಮಾಡಿ ಹೋಗುತ್ತಾರೆ, ಒಟ್ಟಿಗೆ ಕೆಲಸ ಮಾಡುವಂತೆ ಮಾಡುವುದು ಹೇಗೆ’ ಎಂದು ಕೇಳಿದ್ದೀರಿ. ನಾನು ಹನ್ನೊಂದು ವರ್ಷ ಮುಖ್ಯ ಶಿಕ್ಷಕಿಯಾಗಿದ್ದೆ. ಮೊದಲ ಮೂರು ವರ್ಷ ನಾನು ಮಾಡಿದ್ದೂ ಇದನ್ನೇ. ಸಂಜೆ ಗಂಟೆ ಹೊಡೆದ ಮೇಲೆ ಎಲ್ಲರನ್ನೂ ಕೂರಿಸುತ್ತಿದ್ದೆ. ಒಬ್ಬರು ಗಡಿಯಾರ ನೋಡುತ್ತಿದ್ದರು, ಇನ್ನೊಬ್ಬರು ನೋಟ್‌ಬುಕ್ ತಿದ್ದುತ್ತಿದ್ದರು. ಮಾತೆಲ್ಲ ನನ್ನದೇ. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ದಿನವಿಡೀ ನಿಂತು ಪಾಠ ಮಾಡಿದವರಲ್ಲಿ ಆ ಹೊತ್ತಿಗೆ ಇನ್ನೇನು ಉಳಿದಿರುತ್ತದೆ?

ಆಮೇಲೆ ನಾನು ಟೈಮ್ ಟೇಬಲ್ ಬರೆಯುವ ರೀತಿಯನ್ನೇ ಬದಲಾಯಿಸಿದೆ. ಒಂದೇ ವಿಷಯ ಕಲಿಸುವವರಿಗೆ ವಾರದಲ್ಲಿ ಒಂದು ಪೀರಿಯಡ್ ಒಟ್ಟಿಗೆ ಖಾಲಿ ಸಿಗಬೇಕು. ಅದನ್ನು ಎಲ್ಲಕ್ಕಿಂತ ಮೊದಲು ಹಾಕಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿ. ಕೊನೆಗೆ ನೋಡೋಣ ಅಂದರೆ ಜಾಗ ಉಳಿಯುವುದೇ ಇಲ್ಲ. ಯಾರಾದರೂ ರಜೆ ಹಾಕಿದ ದಿನ ಆ ಪೀರಿಯಡ್ಡನ್ನೇ ಕಿತ್ತುಕೊಳ್ಳೋಣ ಅನಿಸುತ್ತದೆ. ದಯವಿಟ್ಟು ಬೇಡ. ಅಂಥ ದಿನ ನಾನೇ ಆ ತರಗತಿಗೆ ಹೋಗುತ್ತಿದ್ದೆ. ಅದನ್ನು ನಾಲ್ಕೈದು ಸಲ ನೋಡಿದ ಮೇಲೆಯೇ ಶಿಕ್ಷಕರಿಗೆ ಆ ಪೀರಿಯಡ್ ನಿಜಕ್ಕೂ ತಮ್ಮದು ಎಂಬ ನಂಬಿಕೆ ಬಂದದ್ದು.

ಇನ್ನು, ‘ಅನುಭವ ಹಂಚಿಕೊಳ್ಳಿ’ ಅಂತ ಸುಮ್ನೆ ಹೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಮೇಜಿನ ಮೇಲೆ ಮಕ್ಕಳ ಉತ್ತರ ಪತ್ರಿಕೆ ಇಡಿ. ಒಮ್ಮೆ 6ನೇ ತರಗತಿಯ ಮೂರೂ ಸೆಕ್ಷನ್‌ಗಳ ಗಣಿತದ ಪತ್ರಿಕೆ ಬೆರೆಸಿ ಹರಡಿಕೊಂಡು ಕೂತಿದ್ದೆವು. 1/2 ಮತ್ತು 1/3 ಕೂಡಿಸಿ ಎಂದು ಲೆಕ್ಕ. ಎಷ್ಟೋ ಮಕ್ಕಳು 2/5 ಎಂದು ಬರೆದಿದ್ದರು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ‘ಎಷ್ಟು ಸಲ ಹೇಳಿದರೂ ಇಷ್ಟೇ’ ಎಂದು ಹಿರಿಯ ಸರ್ ಒಬ್ಬರು ಬೇಸರ ಮಾಡಿಕೊಂಡರು. ಆಗ ಹೊಸದಾಗಿ ಸೇರಿದ್ದ ಟೀಚರ್ ಮೆಲ್ಲಗೆ, ‘ಸರ್, 2/5 ಅಂದ್ರೆ ಅರ್ಧಕ್ಕಿಂತ ಕಡಿಮೆ ಅಲ್ವಾ? ಅರ್ಧಕ್ಕೆ ಇನ್ನೂ ಸೇರಿಸಿದ್ರೆ ಕಡಿಮೆ ಹೇಗಾಗುತ್ತೆ ಅಂತ ನಾನು ಮಕ್ಕಳನ್ನೇ ಕೇಳ್ತೀನಿ. ಕಾಗದದ ಪಟ್ಟಿ ಮಡಚಿ ನೋಡೋಕೆ ಹೇಳ್ತೀನಿ’ ಎಂದರು. ಸರ್ ಒಂದು ಹಾಳೆ ತೆಗೆದುಕೊಂಡು ತಾವೇ ಮಡಚಿ ನೋಡಿದರು. ಮರುವಾರ ಅವರ ತರಗತಿಯ ಮುಂದೆ ಹಾದು ಹೋಗುವಾಗ ಮಕ್ಕಳೆಲ್ಲ ಪಟ್ಟಿ ಮಡಚುತ್ತಿದ್ದರು. ನಾನು ಹೇಳಿದ್ದರೆ ಅದು ಆದೇಶವಾಗುತ್ತಿತ್ತು.

ಜಪಾನಿನ ಶಾಲೆಗಳಲ್ಲಿ ಇಂಥ ರೂಢಿಗೆ ನೂರು ವರ್ಷಕ್ಕೂ ಜಾಸ್ತಿ ವಯಸ್ಸಾಗಿದೆ. ‘ಜುಗ್ಯೋ ಕೆಂಕ್ಯು’ ಅನ್ನುತ್ತಾರೆ, ಅಂದರೆ ಪಾಠದ ಅಧ್ಯಯನ. ಕೆಲವರು ಸೇರಿ ಒಂದು ಪಾಠ ಯೋಜಿಸುತ್ತಾರೆ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ತರಗತಿಯಲ್ಲೇ ಇದ್ದು ಗಮನಿಸಿ, ಆಮೇಲೆ ಕೂತು ಚರ್ಚಿಸುತ್ತಾರೆ. ಅವರ ಕಣ್ಣೆಲ್ಲ ಮಕ್ಕಳ ಮೇಲೆ: ಯಾವ ಮಗು ಎಲ್ಲಿ ತಡವರಿಸಿತು, ಎಲ್ಲಿ ಹಿಡಿತ ಸಿಕ್ಕಿತು. ಪಾಠ ಎಡವಿದರೂ ಒಬ್ಬರ ತಲೆಗೆ ಬರುವುದಿಲ್ಲ, ಎಲ್ಲರೂ ಸೇರಿ ಕಟ್ಟಿದ ಪಾಠ ತಾನೆ.

ಆದರೆ ತನ್ನ ತರಗತಿಗೆ ಇನ್ನೊಬ್ಬರನ್ನು ಕರೆಯಲು ಧೈರ್ಯ ಬೇಕು. ಹಾಗಾಗಿ ಮೊದಲು ನನ್ನ ಪಾಠ ನೋಡಲು ಬನ್ನಿ ಎಂದೆ. ಮುಗಿದ ಮೇಲೆ ಒಬ್ಬ ಟೀಚರ್ ಹಿಂಜರಿಯುತ್ತಲೇ, ‘ಮೇಡಂ, ನೀವು ಪ್ರಶ್ನೆ ಕೇಳಿ ಕಾಯಲೇ ಇಲ್ಲ. ಹಿಂದಿನ ಬೆಂಚಿನ ಹುಡುಗಿ ಕೈ ಎತ್ತೋಕೆ ಹೋಗಿ ಇಳಿಸಿಬಿಟ್ಟಳು’ ಎಂದರು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ತೋರಿಸಿದ್ದರು. ಪ್ರಶ್ನೆ ಕೇಳಿ ಶಿಕ್ಷಕರು ಕಾಯುವುದು ಸರಾಸರಿ ಒಂದೇ ಸೆಕೆಂಡ್. ಅದು 3 ಸೆಕೆಂಡ್ ಆದರೂ ಮಕ್ಕಳ ಉತ್ತರ ಉದ್ದವಾಗುತ್ತದೆ. ಇದನ್ನು ಓದಿ ತಿಳಿದಿದ್ದರೂ ನಾನು ಕಾಯುತ್ತಿರಲಿಲ್ಲ. ಇನ್ನೊಬ್ಬರ ಕಣ್ಣೇ ಬೇಕಾಯಿತು.

ಒಂದು ವಿಷಯದಲ್ಲಿ ಮಾತ್ರ ಬಹಳ ಹುಷಾರಾಗಿರಿ. ಹೀಗೆ ನೋಡಿದ್ದನ್ನು ಯಾರ ಮೌಲ್ಯಮಾಪನಕ್ಕೂ ಬಳಸಬೇಡಿ. ಒಮ್ಮೆ ಒಬ್ಬರ ತರಗತಿಯಲ್ಲಿ ಕಂಡ ಕೊರತೆಯನ್ನು ಉದಾಹರಣೆ ಅಂತ ಸ್ಟಾಫ್ ಮೀಟಿಂಗ್‌ನಲ್ಲಿ ಹೇಳಿಬಿಟ್ಟೆ. ಅವರ ಮುಖ ಸಪ್ಪಗಾಯಿತು. ಆರು ತಿಂಗಳು ಅವರಷ್ಟೇ ಅಲ್ಲ, ಬೇರೆ ಯಾರೂ ನಮ್ಮನ್ನು ತರಗತಿಗೆ ಕರೆಯಲಿಲ್ಲ. ಎಲ್ಲರ ಮುಂದೆ ಆಡಿದ ಮಾತಿಗೆ ಎಲ್ಲರ ಮುಂದೆಯೇ ಕ್ಷಮೆ ಕೇಳಿದೆ. ಸೆಕ್ಷನ್‌ವಾರು ಫಲಿತಾಂಶವನ್ನು ಗೋಡೆಗೆ ಅಂಟಿಸಿ ಹೋಲಿಸಿದರೂ ಇದೇ ಗತಿ. ಪಕ್ಕದವರು ಪೈಪೋಟಿಗಿದ್ದಾರೆ ಅನಿಸಿದರೆ ಒಳ್ಳೆಯ ಉಪಾಯವನ್ನು ಯಾರು ಬಿಟ್ಟುಕೊಡುತ್ತಾರೆ?

ಇಡೀ ಶಾಲೆಗೆ ಒಂದೇ ಸಲ ಹಚ್ಚಲು ಹೋಗಬೇಡಿ. ಬಿಡುವಿನಲ್ಲಿ ತಾವಾಗಿಯೇ ಮಕ್ಕಳ ಬಗ್ಗೆ ಮಾತಾಡಿಕೊಳ್ಳುವ ಇಬ್ಬರು ನಿಮ್ಮ ಸ್ಟಾಫ್ ರೂಮಿನಲ್ಲೂ ಇದ್ದೇ ಇರುತ್ತಾರೆ. ಮುಂದಿನ ಟೈಮ್ ಟೇಬಲ್‌ನಲ್ಲಿ ಅವರಿಬ್ಬರಿಗೆ ಒಂದು ಪೀರಿಯಡ್ ಒಟ್ಟಿಗೆ ಬಿಡಿಸಿ ಕೊಡಿ, ಒಂದು ಕಟ್ಟು ಉತ್ತರ ಪತ್ರಿಕೆಯನ್ನೂ ಕೊಡಿ. ಕರೆದರೆ ಮಾತ್ರ ನೀವು ಹೋಗಿ ಕೂರಿ.